ಹ್ಯಾಬ್ಸ್‌ಬರ್ಗರ ಇಂಗ್ಲಿಷ್ ದಾಯಾದಿಗಳು: ಒಂದು ವಂಶಾವಳಿಯ ವಿಮರ್ಶೆ

೧

ರೋಮನ್ ಸಾಮ್ರಾಜ್ಯದ ಅವನತಿಯ ಚರಿತ್ರೆಯನ್ನು ಬರೆದ ಎಡ್ವರ್ಡ್ ಗಿಬ್ಬನ್ನನು ೧೭೯೪ರಲ್ಲಿ ತೀರಿಕೊಂಡನು. ಎರಡು ವರ್ಷಗಳ ತರುವಾಯ ಅವನ ಮಿತ್ರ ಲಾರ್ಡ್ ಶೆಫೀಲ್ಡನು ಪ್ರಕಟಿಸಿದ ಆತ್ಮಚರಿತ್ರೆಯ ಮೊದಲ ಪುಟಗಳಲ್ಲಿಯೇ ವಂಶಾಭಿಮಾನದ ವಿಚಾರ ಬರುತ್ತದೆ. ಅಲ್ಲಿ ಗಿಬ್ಬನ್ನನು ಇಂಗ್ಲೆಂಡಿನ ಎರಡು ಶ್ರೀಮಂತ ಮನೆತನಗಳನ್ನು ಉದಾಹರಿಸುತ್ತಾನೆ. ಸ್ಪೆನ್ಸರ್ ಮನೆತನದವರು ಸೇನಾಪತಿ ಮಾರ್ಲ್‌ಬರೋವಿನಿಂದ ತಮಗೆ ಬಂದ ಕೀರ್ತಿಗಿಂತ ಎಡ್ಮಂಡ್ ಸ್ಪೆನ್ಸರನ ‘ಫೇರಿ ಕ್ವೀನ್’ ಕಾವ್ಯವನ್ನೇ ಹೆಚ್ಚಿನ ಸಂಪತ್ತೆಂದು ಎಣಿಸಬೇಕೆಂಬುದು ಅವನ ಮೊದಲ ಮಾತು. ಎರಡನೆಯದು ಡೆನ್‌ಬಿ ಅರ್ಲ್‌ಗಳಾದ ಫೀಲ್ಡಿಂಗ್ ಮನೆತನವನ್ನು ಕುರಿತದ್ದು. ಈ ಅರ್ಲ್‌ಗಳು ಹ್ಯಾಬ್ಸ್‌ಬರ್ಗ್ ಕೌಂಟರ ಸಂತತಿಯವರು. ಅವರ ಕಿರಿಯ ಕವಲಿನಲ್ಲಿ ಹುಟ್ಟಿದವನು ಕಾದಂಬರಿಕಾರ ಹೆನ್ರಿ ಫೀಲ್ಡಿಂಗ್. ಸ್ಪೇನನ್ನೂ ಆಸ್ಟ್ರಿಯವನ್ನೂ ಆಳಿದ ಜ್ಞಾತಿಗಳು ಇಂಗ್ಲೆಂಡಿನ ಈ ಬಡ ಬಂಧುಗಳನ್ನು ಕಡೆಗಣಿಸಬಹುದು. ಆದರೆ ಅವರ ಎಸ್ಕೋರಿಯಲ್ ಅರಮನೆಗಿಂತಲೂ ಹದ್ದಿನ ಲಾಂಛನಕ್ಕಿಂತಲೂ ‘ಟಾಮ್ ಜೋನ್ಸ್’ ಕಾದಂಬರಿ ಹೆಚ್ಚು ಕಾಲ ಬಾಳುವುದು ಎಂಬುದು ಅವನ ಭವಿಷ್ಯವಾಣಿಯ ತಾತ್ಪರ್ಯ.

ಈ ಮಾತು ಇಂಗ್ಲಿಷ್ ಸಾಹಿತ್ಯ ವಿಮರ್ಶೆಯಲ್ಲಿ ಬಹುಕಾಲ ಮೆರೆಯಿತು. ಥ್ಯಾಕರೆಯು ೧೮೫೧ರ ತನ್ನ ಉಪನ್ಯಾಸಗಳಲ್ಲಿ ಇದನ್ನು ಎತ್ತಿ ಹೇಳಿ, ಇಷ್ಟು ದೊಡ್ಡ ನ್ಯಾಯಾಧೀಶನ ತೀರ್ಪಿಗೆ ಎದುರು ಮಾತಿಲ್ಲವೆಂದು ತಲೆಬಾಗಿದನು. ಮಾತಿನ ಸೊಗಸನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಅದು ನಿಂತಿರುವ ನೆಲವನ್ನು ಪರೀಕ್ಷಿಸಬೇಕು. ಫೀಲ್ಡಿಂಗ್ ಮನೆತನ ಹ್ಯಾಬ್ಸ್‌ಬರ್ಗರ ಕವಲೆಂಬ ಸಂಗತಿ ಸುಳ್ಳು. ದಂತಕಥೆಗಳನ್ನು ಸೋಸಿ ಸೋಸಿ ಬಿಟ್ಟ ಇತಿಹಾಸಕಾರನು ತನ್ನ ನೆರೆಯ ಒಂದು ಮನೆತನದ ಕಥೆಯನ್ನು ಸೋಸದೆಯೆ ಸ್ವೀಕರಿಸಿದ್ದು ಹೇಗೆ, ಅದರಿಂದ ಸಾಹಿತ್ಯ ವಿಮರ್ಶೆಗೆ ಆದ ಹಾನಿಯೇನು ಎಂಬುದು ವಿಚಾರಾರ್ಹವಾದ ಪ್ರಶ್ನೆ.

೨

ಮೊದಲು ದಾಖಲೆಗಳಿಂದ ತಿಳಿದುಬರುವ ವೃತ್ತಾಂತವನ್ನು ನೋಡಬಹುದು. ಫೀಲ್ಡಿಂಗರು ವಾರಿಕ್‌ಷೈರ್ ಪ್ರಾಂತದ ನ್ಯೂನಮ್ ಪ್ಯಾಡಕ್ಸ್ ಎಂಬಲ್ಲಿ ನೆಲಸಿದ್ದ ಭೂಮಾಲಿಕರು. ನೆರೆಹೊರೆಯಲ್ಲಿ ಮರ್ಯಾದೆಯುಳ್ಳ, ದೇಶದ ರಾಜಕಾರಣದಲ್ಲಿ ಹೆಸರಿಲ್ಲದ ಕುಟುಂಬ ಅದು. ಹದಿನೇಳನೆಯ ಶತಮಾನದ ಆರಂಭದಲ್ಲಿ ವಿಲಿಯಂ ಫೀಲ್ಡಿಂಗನು ಸೂಸನ್ ವಿಲಿಯರ್ಸ್ ಎಂಬವಳನ್ನು ಮದುವೆಯಾದನು. ಆಗ ಅದು ಸಮಾನ ಅಂತಸ್ತಿನವರ ಸಂಬಂಧವಷ್ಟೆ. ಆದರೆ ಸೂಸನ್ನಳ ತಮ್ಮ ಜಾರ್ಜ್ ವಿಲಿಯರ್ಸನು ದೊರೆ ಒಂದನೆಯ ಜೇಮ್ಸನ ಕೃಪೆಗೆ ಪಾತ್ರನಾಗಿ ಬಕಿಂಗ್‌ಹ್ಯಾಮಿನ ಡ್ಯೂಕ್ ಆದಾಗ ಅಕ್ಕನ ಮನೆಗೂ ಅದೃಷ್ಟದ ಬಾಗಿಲು ತೆರೆಯಿತು. ವಿಲಿಯಂ ಫೀಲ್ಡಿಂಗನು ೧೬೨೦ರಲ್ಲಿ ವೈಕೌಂಟನೂ ೧೬೨೨ರಲ್ಲಿ ಡೆನ್‌ಬಿಯ ಅರ್ಲನೂ ಆದನು. ಅರಮನೆಯ ಉಡುಗೆತೊಡುಗೆಗಳ ಭಂಡಾರದ ಮುಖ್ಯಾಧಿಕಾರವೂ ಅವನದಾಯಿತು. ಎರಡನೆಯ ಮಗ ಜಾರ್ಜನಿಗೆ ಬಾಲ್ಯದಲ್ಲಿಯೇ ಐರ್ಲೆಂಡಿನ ಡೆಸ್ಮಂಡ್ ಅರ್ಲ್ ಪದವಿಯ ಹಕ್ಕು ದೊರೆಯಿತು. ಇವಿಷ್ಟೂ ಭಾವಮೈದುನನ ಪ್ರಭಾವದ ಫಲ.

ಈ ಜಾರ್ಜನ ಮಗ ಜಾನ್ ಫೀಲ್ಡಿಂಗನು ಸಾಲ್ಸ್‌ಬರಿಯಲ್ಲಿ ಪಾದ್ರಿಯಾಗಿದ್ದನು. ಜಾನನ ಮಗ ಸೈನ್ಯಾಧಿಕಾರಿ ಎಡ್ಮಂಡ್. ಎಡ್ಮಂಡನ ಮಗ ೧೭೦೭ರಲ್ಲಿ ಹುಟ್ಟಿದ ಹೆನ್ರಿ. ಕಾದಂಬರಿಕಾರನಿಂದ ಮೊದಲನೆಯ ಅರ್ಲನವರೆಗೆ ಹೋಗುವ ಈ ಎಳೆ ಗಟ್ಟಿಯಾಗಿದೆ, ಎಲ್ಲಿಯೂ ತುಂಡಾಗಿಲ್ಲ. ಗಿಬ್ಬನ್ನನ ಮಾತಿನಲ್ಲಿ ಈ ಭಾಗ ನಿಜ. ಅಲ್ಲಿಂದ ಮೇಲಕ್ಕೆ, ವಾರಿಕ್‌ಷೈರಿನಿಂದ ರೈನ್ ನದಿಯ ದಡಕ್ಕೆ ಹಾರುವ ಭಾಗವೇ ಕಲ್ಪಿತವಾದದ್ದು.

೩

ಕಥೆ ಹೀಗಿದೆ. ಮೂರನೆಯ ಹೆನ್ರಿಯ ಆಳಿಕೆಯಲ್ಲಿ, ಎಂದರೆ ೧೨೧೬ರಿಂದ ೧೨೭೨ರ ನಡುವೆ, ಹ್ಯಾಬ್ಸ್‌ಬರ್ಗ್ ಕುಲದ ಜೆಫ್ರಿ ಎಂಬವನು ತನ್ನ ಜ್ಞಾತಿ ರುಡಾಲ್ಫನ ಕಿರುಕುಳದಿಂದ ಬಡವನಾಗಿ ಇಂಗ್ಲೆಂಡಿಗೆ ಬಂದು ದೊರೆಯ ಯುದ್ಧಗಳಲ್ಲಿ ಸೇವೆ ಸಲ್ಲಿಸಿದನು. ಅವನ ಮನೆಗೆ ಲೌಫೆನ್‌ಬರ್ಗ್ ಮತ್ತು ‘ರಿನ್‌ಫಿಲ್ಡಿಂಗ್’ ಪ್ರಭುತ್ವಗಳ ಮೇಲೆ ಹಕ್ಕು ಇದ್ದುದರಿಂದ ಅವನು ‘ಫಿಲ್ಡಿಂಗ್’ ಎಂಬ ಹೆಸರನ್ನು ಧರಿಸಿದನು. ವಿಲಿಯಂ ಡಗ್‌ಡೇಲನು ೧೬೫೬ರಲ್ಲಿ ಪ್ರಕಟಿಸಿದ ವಾರಿಕ್‌ಷೈರಿನ ಪ್ರಾಚೀನಸಂಗತಿಗಳ ಬೃಹದ್ಗ್ರಂಥದಲ್ಲಿ ಇದು ಅಚ್ಚಾಯಿತು. ಅನಂತರ ಕವೆಂಟ್ರಿಯ ಪಾದ್ರಿ ನಥೇನಿಯಲ್ ವಾನ್ಲಿ ಮನೆತನದ ಚರಿತ್ರೆಯನ್ನು ಬರೆದು ಕಥೆಯನ್ನು ಬೆಳೆಸಿದನು. ಶ್ರೀಮಂತರ ವಂಶಾವಳಿ ಗ್ರಂಥಗಳು ಡೆನ್‌ಬಿ ಅರ್ಲನನ್ನು ಹ್ಯಾಬ್ಸ್‌ಬರ್ಗ್, ಲೌಫೆನ್‌ಬರ್ಗ್, ರೈನ್‌ಫೆಲ್ಡನ್‌ಗಳ ಕೌಂಟನೆಂದು ಬಣ್ಣಿಸುತ್ತ ಬಂದವು. ಹತ್ತೊಂಬತ್ತನೆಯ ಶತಮಾನದ ಎಂಟನೆಯ ಅರ್ಲನ ಹೆಸರೂ ಅವನ ಮಗನಾದ ಒಂಬತ್ತನೆಯ ಅರ್ಲನ ಹೆಸರೂ ರುಡಾಲ್ಫ್. ಕಥೆಯಲ್ಲಿ ಪೀಡಕನಾದವನ ಹೆಸರೇ ಮನೆಯ ಮಕ್ಕಳಿಗೆ ಬಂದುದರಲ್ಲಿ ಒಂದು ಸ್ವಾರಸ್ಯವಿದೆ. ವೈರಿಯಾದರೂ ಅವನು ಚಕ್ರವರ್ತಿಗಳ ಮೂಲಪುರುಷನಲ್ಲವೆ?

ಈ ಕಥೆಯನ್ನು ಮೂರು ಒರೆಗಲ್ಲುಗಳಿಗೆ ಉಜ್ಜಿ ನೋಡಬಹುದು. ಮೊದಲನೆಯದು ಭೂಮಿಯ ಒರೆ. ಹ್ಯಾಬ್ಸ್‌ಬರ್ಗ್ ಕುಲದಿಂದ ಕವಲೊಡೆದ ಲೌಫೆನ್‌ಬರ್ಗ್ ಶಾಖೆಯೊಂದು ಇದ್ದುದು ನಿಜ. ಅದರಲ್ಲಿ ಗಾಟ್‌ಫ್ರೀಡ್, ಎಂದರೆ ಜೆಫ್ರಿ, ಎಂಬ ಕೌಂಟನು ಇದ್ದು ೧೨೭೧ರಲ್ಲಿ ಮೃತನಾದುದೂ ನಿಜ. ಆದರೆ ಆ ಶಾಖೆ ನಾಡು ಬಿಟ್ಟು ಓಡಲಿಲ್ಲ; ೧೪೦೮ರವರೆಗೆ ತನ್ನ ನೆಲದಲ್ಲಿಯೇ ಮುಂದುವರಿದು ಅಲ್ಲಿಯೇ ನಿಂತುಹೋಯಿತು. ರೈನ್‌ಫೆಲ್ಡನ್ ಅಂತೂ ಆಗ ಹ್ಯಾಬ್ಸ್‌ಬರ್ಗರ ಸ್ವತ್ತೇ ಆಗಿರಲಿಲ್ಲ. ೧೨೧೮ರಲ್ಲಿ ತ್ಸೇರಿಂಗೆನ್ ಮನೆತನ ನಿರ್ವಂಶವಾದ ಮೇಲೆ ಅದು ಸಾಮ್ರಾಜ್ಯದ ಪಟ್ಟಣವಾಯಿತು. ಹ್ಯಾಬ್ಸ್‌ಬರ್ಗರ ಕೈಗೆ ಅಡವಾಗಿ ಬಂದುದು ೧೩೩೦ರಲ್ಲಿ. ಹದಿಮೂರನೆಯ ಶತಮಾನದ ಜೆಫ್ರಿಯ ಕೈಯಲ್ಲಿ ಹದಿನಾಲ್ಕನೆಯ ಶತಮಾನದ ಹಕ್ಕನ್ನು ಇಟ್ಟವನು ಹಿಂದಿನದನ್ನು ಮುಂದಿನದರ ಕಣ್ಣಿನಿಂದ ಕಂಡವನೇ ಇರಬೇಕು.

ಎರಡನೆಯದು ಹೆಸರಿನ ಒರೆ. ರೈನ್‌ಫೆಲ್ಡನ್ ಎಂಬುದರ ಉತ್ತರಾರ್ಧಕ್ಕೆ ಹೊಲ, ಬಯಲು ಎಂದರ್ಥ. ಇಂಗ್ಲಿಷಿನ ‘ಫೀಲ್ಡ್’ ಶಬ್ದದ ಅರ್ಥವೂ ಅದೇ. ಬಯಲುಸೀಮೆಯಲ್ಲಿ ವಾಸಿಸುವವನಿಗೆ ಆ ಹೆಸರು ಬರುವುದು ಇಂಗ್ಲೆಂಡಿನಲ್ಲಿ ಸಹಜ. ಸೋದರ ಭಾಷೆಗಳೆರಡರಲ್ಲಿ ಒಂದೇ ಧಾತುವಿನಿಂದ ಹುಟ್ಟಿದ ಶಬ್ದಗಳ ಹೋಲಿಕೆಯನ್ನು ರಕ್ತಸಂಬಂಧದ ಸಾಕ್ಷಿಯಾಗಿ ಮಾಡಿದ್ದು ಕಥೆಗಾರನ ಚಾತುರ್ಯ. ಜರ್ಮನ್ ಹೆಸರನ್ನು ‘ರಿನ್‌ಫಿಲ್ಡಿಂಗ್’ ಎಂದು ತಿರುಚಿದಲ್ಲಿಯೇ ಅವನ ಕೈವಾಡ ಬಯಲಾಗುತ್ತದೆ.

ಮೂರನೆಯದು ಲಾಂಛನದ ಒರೆ. ಹ್ಯಾಬ್ಸ್‌ಬರ್ಗರ ಕುಲಲಾಂಛನ ಹೊನ್ನಿನ ನೆಲದ ಮೇಲೆ ಕೆಂಪು ಸಿಂಹ. ಫೀಲ್ಡಿಂಗರದು ಬೆಳ್ಳಿಯ ನೆಲದ ಮೇಲೆ ಅಡ್ಡಲಾದ ನೀಲಿ ಪಟ್ಟಿ, ಆ ಪಟ್ಟಿಯ ಮೇಲೆ ಕದಿರಿನಾಕಾರದ ಮೂರು ಹೊನ್ನಿನ ಗುರುತುಗಳು. ರಾಜವಂಶದ ಕವಲೆಂದು ಹೆಮ್ಮೆಪಡುವವನು ಆಸ್ತಿಯನ್ನು ಕಳೆದುಕೊಂಡಾನು; ತನ್ನ ಸಿಂಹವನ್ನು ಕಳೆದುಕೊಳ್ಳುವುದು ಮಧ್ಯಯುಗದ ನಡೆವಳಿಕೆಗೆ ಹೊಂದುವ ಮಾತಲ್ಲ.

೪

ಈ ದಂತಕಥೆಯನ್ನು ವಿಧಿವತ್ತಾಗಿ ಕೆಡವಿದ ಶ್ರೇಯಸ್ಸು ಜೆ. ಹೊರೇಸ್ ರೌಂಡ್ ಅವರದು. ಇಂಗ್ಲಿಷ್ ಹ್ಯಾಬ್ಸ್‌ಬರ್ಗರೆಂಬ ಮಹಾಭ್ರಾಂತಿಯನ್ನು ಕುರಿತ ಅವರ ಪ್ರಬಂಧವು ೧೯೦೧ರ ಅವರ ಸಂಕಲನದಲ್ಲಿ ಸೇರಿದೆ. ಕಥೆಗೆ ಸಮಕಾಲೀನವಾದ ಆಧಾರವಿಲ್ಲವೆಂದೂ ಅದರ ಬೆಂಬಲಕ್ಕೆ ಒಡ್ಡಿದ ಪತ್ರಗಳು ನಂಬಲು ಅರ್ಹವಲ್ಲವೆಂದೂ ರೌಂಡರು ತೋರಿಸಿದರು. ಅದೇ ಸಂಕಲನದಲ್ಲಿ ಸ್ಪೆನ್ಸರ್ ಮನೆತನದ ಏಳಿಗೆಯನ್ನು ಕುರಿತ ಪ್ರಬಂಧವೂ ಇದೆ. ೧೫೦೮ರಲ್ಲಿ ಆಲ್‌ಥಾರ್ಪನ್ನು ಕೊಂಡ ಸ್ಪೆನ್ಸರರು ಕುರಿ ಸಾಕಣೆಯಿಂದ ಸಿರಿವಂತರಾದವರು. ಮಧ್ಯಯುಗದ ಡಿಸ್ಪೆನ್ಸರ್ ಪ್ರಭುಗಳಿಗೆ ಅವರನ್ನು ಗಂಟುಹಾಕಿದ್ದು ಲಾಂಛನಾಧಿಕಾರಿಗಳ ಕೆಲಸ. ಹೀಗೆ ಗಿಬ್ಬನ್ನನು ಒಂದೇ ಉಸಿರಿನಲ್ಲಿ ಹೊಗಳಿದ ಎರಡು ಮನೆತನಗಳ ಪ್ರಾಚೀನತೆಯೂ ಒಂದೇ ಪುಸ್ತಕದ ಎರಡು ಪ್ರಬಂಧಗಳಲ್ಲಿ ಕುಸಿಯಿತು.

ರೌಂಡರ ವಿಧಾನ ಅನುಕರಣೀಯವಾದದ್ದು. ಬರಹ ಎಂದಿನದು, ಯಾರ ಬಳಿ ಇತ್ತು, ಯಾರಿಗೆ ಅದರಿಂದ ಪ್ರಯೋಜನ ಎಂಬ ಪ್ರಶ್ನೆಗಳನ್ನು ಕೇಳದೆ ಅವರು ಯಾವ ವಂಶವೃಕ್ಷದ ಒಂದು ಎಲೆಯನ್ನೂ ನಂಬುವವರಲ್ಲ. ಕರ್ನಾಟಕದ ಇತಿಹಾಸವನ್ನು ಓದಿದವರಿಗೆ ಈ ವಿಧಾನ ಅಪರಿಚಿತವಲ್ಲ. ಅದೇ ೧೯೦೧ರಲ್ಲಿ, ಅದೇ ತಲೆಮಾರಿನ ಇಂಗ್ಲಿಷ್ ವಿದ್ವಾಂಸರಾದ ಜೆ. ಎಫ್. ಫ್ಲೀಟರು ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಭಾರತದ ಕೂಟಶಾಸನಗಳನ್ನು ಕುರಿತು ಬರೆದರು. ಗಂಗರ ಹಲವು ತಾಮ್ರಪಟಗಳನ್ನು ಅವರು ಕೃತಕವೆಂದು ತಳ್ಳಿದರು. ಅವುಗಳಲ್ಲಿ ಕೆಲವನ್ನು ಮುಂದಿನ ವಿದ್ವಾಂಸರು ಮತ್ತೆ ಸ್ವೀಕರಿಸಿದ್ದುಂಟು. ಆದರೆ ಹಾಗೆ ಸ್ವೀಕರಿಸುವಾಗಲೂ ಲಿಪಿ, ಭಾಷೆ, ತಿಥಿಗಳ ಪರೀಕ್ಷೆಯನ್ನೇ ಅವಲಂಬಿಸಬೇಕಾಯಿತು. ಸಂದೇಹದ ಒರೆಗಲ್ಲು ಒಮ್ಮೊಮ್ಮೆ ಚಿನ್ನವನ್ನೂ ಸವೆಸುತ್ತದೆ. ಅಷ್ಟರಿಂದ ಒರೆಗಲ್ಲನ್ನೇ ಎಸೆಯುವಂತಿಲ್ಲ.

ರೌಂಡರ ಬರವಣಿಗೆಯಲ್ಲಿ ಒಂದು ಕೊರತೆಯೂ ಉಂಟು. ಸುಳ್ಳನ್ನು ಹಿಡಿದುಹಾಕುವ ಉತ್ಸಾಹದಲ್ಲಿ ಅದು ಯಾವ ಹಸಿವಿನಿಂದ ಹುಟ್ಟಿತೆಂಬುದಕ್ಕೆ ಅವರು ಸಾಕಷ್ಟು ಗಮನವೀಯುವುದಿಲ್ಲ. ಒಂದನೆಯ ಜೇಮ್ಸನ ಕಾಲದಲ್ಲಿ ಪದವಿಗಳು ಹಣಕ್ಕೂ ಕೃಪೆಗೂ ದೊರೆಯುತ್ತಿದ್ದವು. ಹಳೆಯ ಮನೆತನಗಳು ಹೊಸ ಅರ್ಲ್‌ಗಳನ್ನು ಕಂಡು ಮೂಗು ಮುರಿಯುತ್ತಿದ್ದವು. ೧೬೨೩ರಲ್ಲಿ ಯುವರಾಜ ಚಾರ್ಲ್ಸನು ಬಕಿಂಗ್‌ಹ್ಯಾಮನೊಡನೆ ಮ್ಯಾಡ್ರಿಡ್ಡಿಗೆ ಹೋದದ್ದು ಹ್ಯಾಬ್ಸ್‌ಬರ್ಗ್ ಕನ್ಯೆಯನ್ನು ಕೇಳಲಿಕ್ಕೆ. ಇಂಗ್ಲೆಂಡಿನ ದೊರೆಯೇ ಬೀಗತನ ಬಯಸುವ ಕುಲಕ್ಕೆ ತಾವು ಹುಟ್ಟಿನಿಂದಲೇ ಸೇರಿದವರೆಂಬ ಕಥೆಗೆ ಅಂಥ ಕಾಲದಲ್ಲಿ ಎಷ್ಟು ಬೆಲೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಂಡತಿಯ ತಮ್ಮನಿಂದ ಬಂದ ಅಂತಸ್ತಿಗೆ ಐದು ಶತಮಾನಗಳ ನೆರಳು ಬೇಕಾಗಿತ್ತು.

ಡಗ್‌ಡೇಲನ ವಿಷಯದಲ್ಲಿ ತೀರ್ಪು ಇನ್ನೂ ಕಠಿಣವಾಗಬೇಕು. ಇಂಗ್ಲೆಂಡಿನ ಮಠಗಳ ಶಾಸನಪತ್ರಗಳನ್ನು ಸಂಗ್ರಹಿಸಿದ, ದಾಖಲೆಯಿಲ್ಲದೆ ಇತಿಹಾಸವಿಲ್ಲವೆಂಬ ಪಾಠವನ್ನು ತನ್ನ ದೇಶಕ್ಕೆ ಕಲಿಸಿದ ವಿದ್ವಾಂಸ ಅವನು. ಅಂಥವನ ಗ್ರಂಥದಲ್ಲಿ ಸೇರಿದ್ದರಿಂದಲೇ ಸುಳ್ಳಿಗೆ ಪ್ರಾಮಾಣ್ಯ ಬಂದಿತು. ಅವಿವೇಕಿಯ ತಪ್ಪು ಅವನೊಡನೆ ಅಳಿಯುತ್ತದೆ. ವಿದ್ವಾಂಸನ ತಪ್ಪು ಅಡಿಟಿಪ್ಪಣಿಯಾಗಿ ತಲೆಮಾರುಗಳವರೆಗೆ ಬಾಳುತ್ತದೆ.

೫

ಸುಳ್ಳಿನ ದೊಡ್ಡ ಅಪರಾಧವೆಂದರೆ ಅದು ನಿಜವನ್ನು ಮುಚ್ಚುವುದು. ಈ ಮನೆತನದ ನಿಜವಾದ ಚರಿತ್ರೆ ಕಲ್ಪಿತ ಚರಿತ್ರೆಗಿಂತ ಎಷ್ಟೋ ಹೆಚ್ಚು ರಸವತ್ತಾಗಿದೆ. ಮೊದಲನೆಯ ಅರ್ಲನು ೧೬೩೧ರಲ್ಲಿ ಭಾರತಕ್ಕೆ ಹಡಗು ಹತ್ತಿ, ಷಾಹಜಹಾನನ ಆಸ್ಥಾನವನ್ನು ಕಂಡು, ೧೬೩೩ರಲ್ಲಿ ಊರಿಗೆ ಮರಳಿದನು. ವ್ಯಾನ್ ಡೈಕನು ಬರೆದ ಅವನ ಚಿತ್ರ ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ರೇಷ್ಮೆಯ ಅಂಗಿ, ಪೈಜಾಮ ತೊಟ್ಟು ಕೋವಿ ಹಿಡಿದ ಪ್ರಭು. ಪಕ್ಕದಲ್ಲಿ ಮರದ ಮೇಲಿನ ಗಿಣಿಯನ್ನು ತೋರಿಸುವ ಭಾರತೀಯ ಬಾಲಕ. ೧೬೪೨ರ ಎಜ್‌ಹಿಲ್ ಕದನದಲ್ಲಿ ಈ ಅರ್ಲನು ದೊರೆಯ ಕಡೆಗೂ ಅವನ ಹಿರಿಯ ಮಗ ಬೇಸಿಲನು ಪಾರ್ಲಿಮೆಂಟಿನ ಕಡೆಗೂ ನಿಂತು ಕಾದಿದರು. ಮರುವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ ತಗುಲಿದ ಗಾಯಗಳಿಂದ ತಂದೆ ಮಡಿದನು. ತಂದೆ ಮಕ್ಕಳನ್ನು ಎದುರುಬದುರು ನಿಲ್ಲಿಸಿದ ಆ ಧರ್ಮಸಂಕಟದ ಮುಂದೆ ರೈನ್ ದಡದ ಜೆಫ್ರಿ ಬಣ್ಣದ ಬೊಂಬೆಯಂತೆ ತೋರುತ್ತಾನೆ.

ಕಾದಂಬರಿಕಾರನಾದರೋ ವಂಶಾವಳಿಗಳ ವಿಷಯದಲ್ಲಿ ಇತಿಹಾಸಕಾರನಿಗಿಂತ ಎಚ್ಚರವುಳ್ಳವನು. ‘ಜೋಸೆಫ್ ಆಂಡ್ರೂಸ್’ ಕಾದಂಬರಿಯಲ್ಲಿ ನಾಯಕನ ಪೂರ್ವಿಕರನ್ನು ಹುಡುಕಹೊರಟು, ದೊಣ್ಣೆವರಸೆಯ ಮುತ್ತಜ್ಜನ ಆಚೆಗೆ ದಾರಿ ಕಾಣದೆ, ಪೂರ್ವಿಕರಿಲ್ಲದವನಿಗೆ ಸ್ವಂತ ಗುಣದಿಂದ ಗೌರವ ಸಲ್ಲಬಾರದೇಕೆಂದು ಅವನು ಕೇಳುತ್ತಾನೆ. ‘ಜೊನಾಥನ್ ವೈಲ್ಡ್’ ಕೃತಿಯಲ್ಲಿ ಒಬ್ಬ ಕಳ್ಳನಿಗೆ ಹೆಂಗಿಸ್ಟನ ಕಾಲದಿಂದ ಹಿಡಿದು ಗಂಭೀರವಾದ ವಂಶವೃಕ್ಷವನ್ನು ಕಟ್ಟಿಕೊಡುತ್ತಾನೆ. ಡಗ್‌ಡೇಲನ ಗ್ರಂಥದಲ್ಲಿ ಭಕ್ತಿಯಿಂದ ನಡೆದ ಕೆಲಸವೇ ಇಲ್ಲಿ ಅಣಕವಾಗಿದೆ. ‘ಟಾಮ್ ಜೋನ್ಸ್’ ಕೃತಿಯ ನಾಯಕನಂತೂ ಹೆತ್ತವರು ಯಾರೆಂದು ತಿಳಿಯದೆ ಹಾಸಿಗೆಯ ಮೇಲೆ ಸಿಕ್ಕಿದ ಕೂಸು. ಕೊನೆಯಲ್ಲಿ ಅವನು ಆಲ್ವರ್ದಿಯ ಸೋದರಳಿಯನೆಂದು ಹೊರಪಡುವುದರಿಂದ ಫೀಲ್ಡಿಂಗನು ರಕ್ತದ ಹಂಗನ್ನು ಪೂರ್ತಿ ಹರಿದುಕೊಂಡನೆನ್ನುವಂತಿಲ್ಲ. ಆದರೂ ಅವನು ಕುಲೀನತೆಯನ್ನು ಪೂರ್ತಿಯಾಗಿ ಮರಳಿಸುವುದಿಲ್ಲ. ಟಾಮನು ಅಳಿಯನಾದರೂ ವಿವಾಹದ ಹೊರಗೆ ಹುಟ್ಟಿದವನಾಗಿಯೇ ಉಳಿಯುತ್ತಾನೆ. ವಿವಾಹದೊಳಗೆ ಹುಟ್ಟಿದ ತಮ್ಮ ಬ್ಲೈಫಿಲನೇ ನೀಚ. ಜೀವನದಲ್ಲಿಯೂ ಫೀಲ್ಡಿಂಗನು ಮಡಿದ ಹೆಂಡತಿಯ ಸೇವಕಿಯನ್ನೇ ೧೭೪೭ರಲ್ಲಿ ಮದುವೆಯಾಗಿ ಲೋಕದ ನಗೆಯನ್ನು ಸಹಿಸಿದನು. ತನ್ನ ಹೆಸರಿನಲ್ಲಿ ಐ ಅಕ್ಷರವನ್ನು ಇ ಅಕ್ಷರಕ್ಕಿಂತ ಮುಂಚೆ ಬರೆಯುವುದೇಕೆಂದು ಡೆನ್‌ಬಿಯ ಅರ್ಲನು ಕೇಳಿದಾಗ, ಮನೆತನದಲ್ಲಿ ಕಾಗುಣಿತ ಕಲಿತ ಮೊದಲ ಕವಲು ತನ್ನದಿರಬೇಕೆಂದು ಅವನು ಉತ್ತರಿಸಿದನೆಂಬ ಐತಿಹ್ಯ ಅವನ ಸ್ವಭಾವಕ್ಕೆ ಒಪ್ಪುತ್ತದೆ.

ಈಗ ಗಿಬ್ಬನ್ನನ ಮಾತಿಗೆ ಮರಳಬಹುದು. ಆಸ್ಟ್ರಿಯದ ಹದ್ದು ೧೯೧೮ರಲ್ಲಿ ಸಿಂಹಾಸನದಿಂದ ಇಳಿಯಿತು. ಎಸ್ಕೋರಿಯಲ್ ಇನ್ನೂ ನಿಂತಿದೆ. ‘ಟಾಮ್ ಜೋನ್ಸ್’ ಓದುಗರನ್ನು ಕಳೆದುಕೊಂಡಿಲ್ಲ. ಭವಿಷ್ಯವಾಣಿ ಬಹುಮಟ್ಟಿಗೆ ಫಲಿಸಿದೆ. ಆದರೂ ಅದರ ವಿಮರ್ಶಾದೃಷ್ಟಿ ದುರ್ಬಲವಾದದ್ದು. ಕೃತಿ ಕುಲಕ್ಕಿಂತ ದೊಡ್ಡದೆಂದು ಸಾರುವಾಗಲೇ ಗಿಬ್ಬನ್ನನಿಗೆ ಕೃತಿಯ ಎತ್ತರವನ್ನು ಅಳೆಯಲು ಚಕ್ರವರ್ತಿಗಳ ಕುಲವೇ ಅಳತೆಗೋಲಾಗಿ ಬೇಕಾಯಿತು. ಹ್ಯಾಬ್ಸ್‌ಬರ್ಗರನ್ನು ತೆಗೆದುಬಿಟ್ಟರೆ ವಾಕ್ಯದ ವೈಭವ ಉಳಿಯುವುದಿಲ್ಲ. ಆದುದರಿಂದಲೇ ಅವನು ಕಥೆಯನ್ನು ಪರೀಕ್ಷಿಸಲಿಲ್ಲವೆಂದು ತೋರುತ್ತದೆ. ಸೊಗಸಾದ ವಾಕ್ಯಕ್ಕೆ ಒದಗಿಬಂದ ಸಂಗತಿಯನ್ನು ಬರಹಗಾರನು ಎರಡು ಸಲ ಪರೀಕ್ಷಿಸಬೇಕು. ಓದುಗನು ಮೂರು ಸಲ.

ಫೀಲ್ಡಿಂಗನ ವಂಶಾವಳಿಯನ್ನು ಬರೆಯುವವನು ಭಾವಮೈದುನನ ಕೃಪೆಯಿಂದ ಅರ್ಲನಾದ ಭೂಮಾಲಿಕನಿಂದ ಆರಂಭಿಸಿದರೆ ಸಾಕು. ಅಲ್ಲಿಂದ ಪಾದ್ರಿ, ಸೈನಿಕ, ಆಮೇಲೆ ಬೋ ಸ್ಟ್ರೀಟಿನ ನ್ಯಾಯಾಧಿಕಾರಿಯಾಗಿ ದುಡಿದು ೧೭೫೪ರಲ್ಲಿ ಲಿಸ್ಬನ್ನಿನಲ್ಲಿ ಮಡಿದ ಲೇಖಕ. ಐದು ತಲೆಮಾರುಗಳ ಆ ಸಣ್ಣ ವಂಶಾವಳಿ ಸತ್ಯವಾದದ್ದು. ‘ಟಾಮ್ ಜೋನ್ಸ್’ ಕೃತಿಯ ಕರ್ತೃವಿಗೆ ಅದಕ್ಕಿಂತ ಉದ್ದವಾದ ವಂಶಾವಳಿಯ ಅಗತ್ಯವಿಲ್ಲ.