ಅರ್ಧ ಇಂಚಿನ ನಟ್ಟಿಗೆ ಹದಿಮೂರರ ಸ್ಪ್ಯಾನರು

ಹಳೆಯ ಅಂಬಾಸಿಡರ್ ಕೊಂಡವರು ಮಾಡುವ ಮೊದಲ ದಂಡದ ಖರ್ಚೆಂದರೆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಥಳಥಳಿಸುವ ನೂರೆಂಟು ತುಂಡಿನ ಟೂಲ್ ಸೆಟ್ಟು. ಅಗ್ಗವೇನೋ ಹೌದು, ಆದರೆ ಒಳಗಿರುವುದು ಮಿಲಿಮೀಟರ್ ಅಳತೆ. ಕಾರಿನ ಮೂಲವೋ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್; 1489 ಸಿಸಿಯ ಆ ಎಂಜಿನ್ನಿನ ನಟ್ಟು ಬೋಲ್ಟುಗಳದ್ದು ಇಂಚಿನ ಲೆಕ್ಕ. ಅರ್ಧ ಇಂಚೆಂದರೆ 12.7 ಮಿ.ಮೀ. 13ರ ಸ್ಪ್ಯಾನರ್ ಹಾಕಿದರೆ ಉಳಿಯುವ ಸಂದು 0.3 ಮಿ.ಮೀ., ಉಗುರಿಗಿಂತ ತೆಳು. ಹೊಸ ನಟ್ಟಾದರೆ ಹೇಗೋ ನಡೆದೀತು. ಎಕ್ಸಾಸ್ಟಿನ ಶಾಖಕ್ಕೆ ಬೆಂದು, ತುಕ್ಕು ಹಿಡಿದು ಕೂತ ನಟ್ಟಿಗೆ ಬಲ ಹಾಕಿ ನೋಡಿ: ದವಡೆ ಚಪ್ಪಟೆ ಮೈಯನ್ನು ಹಿಡಿಯುವುದಿಲ್ಲ, ಮೂಲೆಗಳನ್ನಷ್ಟೇ ಕಚ್ಚುತ್ತದೆ. ಮೂಲೆ ಉರುಟಾಯಿತೋ, ಆಮೇಲೆ ಉಳಿ, ಸುತ್ತಿಗೆ, ಕಡೆಗೆ ಗ್ಯಾಸ್ ಕಟಿಂಗ್. ಸ್ಪ್ಯಾನರಿನ ಬೆಲೆಗೆ ಇದನ್ನೂ ಕೂಡಿಸಿಯೇ ಅಗ್ಗವೋ ತುಟ್ಟಿಯೋ ಹೇಳಬೇಕು.

ಎಷ್ಟೋ ಗ್ಯಾರೇಜುಗಳಲ್ಲಿ ಮಿಲಿಮೀಟರ್ ಸ್ಪ್ಯಾನರಿನಲ್ಲೇ ಕೆಲಸ ಸಾಗಿದೆಯಲ್ಲ ಎನ್ನುವವರಿದ್ದಾರೆ. ಸಾಗುವುದಕ್ಕೆ ಕಾರಣವಿದೆ. ಮುಕ್ಕಾಲು ಇಂಚು 19.05 ಮಿ.ಮೀ., ಹಾಗಾಗಿ 19 ಒಪ್ಪುತ್ತದೆ. 5/8ಕ್ಕೆ 16 ಹೆಚ್ಚುಕಡಿಮೆ ಸರಿ. ಆದರೆ ಈ ಕಾರಿನಲ್ಲಿ ಪದೇ ಪದೇ ಕೈಗೆ ಸಿಗುವುದು 7/16, 1/2, 9/16. ಕಡೆಯದು 14.29 ಮಿ.ಮೀ.; 14 ಒಳಗೆ ಹೋಗದು, 15 ಜಾರುತ್ತದೆ. ಹಾಗಂತ ಇಡೀ ಸೆಟ್ಟೇನೂ ಬೇಡ. ಈ ಅಳತೆಗಳ ಎರಡು ಮೂರು ರಿಂಗ್ ಸ್ಪ್ಯಾನರ್ ಬಿಡಿಯಾಗಿ ಕೊಂಡರೆ ಅರ್ಧ ಕಾರು ಬಿಚ್ಚಬಹುದು. ಸಾಕೆಟ್ಟಿನದು ಇನ್ನೂ ತಮಾಷೆ: ಮಿಲಿಮೀಟರ್ ಸೆಟ್ಟಿನಲ್ಲೂ ಹಿಡಿಯ ಚೌಕ ಅರ್ಧ ಇಂಚಿನದೇ! ಇರುವ ಹಿಡಿಗೆ ಇಂಚಿನ ಸಾಕೆಟ್ ಮಾತ್ರ ತಂದರಾಯಿತು. (ಪದ್ಮಿನಿ ಕಾರಿನವರಿಗೆ ಈ ರಗಳೆಯಿಲ್ಲ, ಫಿಯೆಟ್ ಸಂತಾನ ಪೂರ್ತಿ ಮಿಲಿಮೀಟರ್. ಇಸುಜು ಎಂಜಿನ್ನಿನ ಅಂಬಾಸಿಡರಿಗೆ ಎರಡೂ ಬೇಕು.)

ಒಳ್ಳೆಯದು ಬೇಕೆಂದರೆ ಜರ್ಮನಿಯದೇ ಆಗಬೇಕೆಂಬ ಮಾತು ಮನೆಗೆಲಸದ ಮಟ್ಟಿಗೆ ಅತಿಯಾಯಿತು. ಜಲಂಧರಿನ ಕುಲುಮೆಗಳು ಅಮೆರಿಕಕ್ಕೂ ಟೂಲ್ ಕಳಿಸುತ್ತವೆ, ಇಂಚಿನದು ನಮ್ಮಲ್ಲೇ ತಯಾರಾಗುತ್ತದೆ, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೇಳಿ ನೋಡಬೇಕು. ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಹಳೆಯದು ಸಿಕ್ಕರೆ ಮೇಲಿನ ತುಕ್ಕಿಗೆ ಹೆದರಬೇಡಿ, ಸೀಮೆಎಣ್ಣೆಯಲ್ಲಿ ನೆನೆಸಿ ಬ್ರಷ್ ಹಾಕಿದರೆ ಹೋಗುತ್ತದೆ. ಬೆಳಕಿಗೆ ಹಿಡಿದು ದವಡೆಯ ಎರಡು ತುಟಿ ಸಮಾನಾಂತರವಾಗಿವೆಯೇ ನೋಡಿ. ಬಾಯಿ ಬಿಟ್ಟಿದ್ದರೆ, ಒಳಗೆ ಅರ ಉಜ್ಜಿದ ಗೀರಿದ್ದರೆ, ರಿಂಗಿನಲ್ಲಿ ಕೂದಲೆಳೆಯ ಸೀಳಿದ್ದರೆ ಬಿಟ್ಟುಬನ್ನಿ. ಸುಲಿದ ಕ್ರೋಮಿಯಂ ಅಂಗೈ ಕುಯ್ಯುತ್ತದೆ, ಅದೂ ಬೇಡ.

ಒಂದು ಕಡೆ ಮಾತ್ರ ಜಿಪುಣತನ ಸಲ್ಲದು, ಬ್ರೇಕ್ ಪೈಪಿನ ನಟ್ಟು. ಪೈಪು ತೂರುವಷ್ಟೇ ಬಾಯಿ ಸೀಳಿದ ರಿಂಗ್ ಸ್ಪ್ಯಾನರ್ ಅದಕ್ಕೆಂದೇ ಇದೆ. ಮಾಮೂಲಿ ಸ್ಪ್ಯಾನರ್ ಹಾಕಿ ಮೂಲೆ ಸವೆಸಿದರೆ ಪೈಪೂ ಜೊತೆಗೆ ತಿರುಚಿಕೊಳ್ಳುತ್ತದೆ.