ಬಾಗಿಲುಗಳ ರಾಜ್ಯಭಾರ

ವರ್ಸೇಲ್ಸ್ ಅರಮನೆಯಲ್ಲಿ ಹದಿನಾಲ್ಕನೇ ಲೂಯಿಯ ಕೋಣೆಯ ಕದವನ್ನು ಯಾರೂ ತಟ್ಟುವಂತಿರಲಿಲ್ಲ. ಉಗುರಿನಿಂದ ಮೆಲ್ಲಗೆ ಕೆರೆದು ಕಾಯಬೇಕಿತ್ತು. ತೆರೆಯುವುದು ದ್ವಾರಪಾಲಕನ ಹಕ್ಕು. ಬಂದವರು ತಾವೇ ಕದಕ್ಕೆ ಕೈ ಹಾಕಿದರೆ ಮರ್ಯಾದೆಗೇಡು. ರಾಜವಂಶದವರು ಬಂದರೆ ಎರಡೂ ಕದ ತೆರೆಯುತ್ತಿದ್ದವು, ಅವರಿಗಿಂತ ಕೆಳಗಿನವರಿಗೆ ಒಂದೇ. ಈ ಅರಮನೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕನ್ನಡಿಗಳನ್ನು ಎಣಿಸುತ್ತಾರೆ, ಚಿನ್ನದ ಗಿಲೀಟನ್ನು ಬಣ್ಣಿಸುತ್ತಾರೆ. ನನಗೆ ಆ ಕದಗಳೇ ಮುಖ್ಯವೆನಿಸುತ್ತವೆ. ಹದಿನಾರರಿಂದ ಹದಿನೆಂಟನೇ ಶತಮಾನದವರೆಗೆ ಯುರೋಪಿನ ಅರಸರು ಬೆಳೆಸಿದ ಒಳಾಂಗಣ ಪರಂಪರೆಯ ಜೀವಾಳ ಇರುವುದು ಯಾರು ಎಲ್ಲಿಯವರೆಗೆ ಬರಬಹುದು, ಬಂದವರು ಕೂರಬೇಕೋ ನಿಲ್ಲಬೇಕೋ ಎಂಬ ಲೆಕ್ಕಾಚಾರದಲ್ಲಿ. ಗೋಡೆಯ ಚಿತ್ರಗಳು ಆಮೇಲಿನ ಮಾತು. ಅಧಿಕಾರದ ಬುಡ ಅಲುಗಾಡುತ್ತಿದ್ದ ಕಡೆಯೇ ಆ ಚಿತ್ರಗಳು ಹೆಚ್ಚು ದನಿ ಎತ್ತಿವೆ.

ಈ ಅರಮನೆಗಳ ನಕ್ಷೆಯನ್ನು ಒಮ್ಮೆ ನೋಡಿದರೆ ಸಾಕು, ತರ್ಕ ತಿಳಿಯುತ್ತದೆ. ಕೋಣೆಗಳು ಒಂದರ ಹಿಂದೆ ಒಂದು, ಬಾಗಿಲುಗಳೆಲ್ಲ ಒಂದೇ ಗೆರೆಯಲ್ಲಿ. ಮೊದಲು ಕಾವಲುಗಾರರ ಕೋಣೆ, ಆಮೇಲೆ ಮೊಗಸಾಲೆ, ಅದರಾಚೆ ಇನ್ನೊಂದು ಮೊಗಸಾಲೆ, ಬಳಿಕ ದರ್ಬಾರಿನ ಕೋಣೆ, ಕೊನೆಗೆ ಶಯನಗೃಹ. ಮನುಷ್ಯನ ಅಂತಸ್ತು ಅವನನ್ನು ಯಾವ ಕೋಣೆಯಲ್ಲಿ ತಡೆಯುತ್ತಾರೆ ಎಂಬುದರಲ್ಲಿ ತೀರ್ಮಾನವಾಗುತ್ತಿತ್ತು. ಹ್ಯೂ ಮರ್ರೆ ಬೇಯ್ಲಿ 1967ರಲ್ಲಿ ಬರೆದ ಲೇಖನವೊಂದು ಇದನ್ನು ದೇಶದೇಶಗಳ ನಡುವೆ ಹೋಲಿಸಿ ನೋಡಿತು. ವಿಯೆನ್ನಾದ ಹ್ಯಾಬ್ಸ್‌ಬರ್ಗ್ ಚಕ್ರವರ್ತಿ ಮೊಗಸಾಲೆಗಳ ಹಿಂದೆ ಸರಿದು ದುರ್ಲಭನಾಗಿ ದೊಡ್ಡವನಾದ. ಅವನ ಶಯನಗೃಹ ಆಸ್ಥಾನಕ್ಕೆ ಮುಚ್ಚಿದ್ದು. ಫ್ರಾನ್ಸಿನ ದೊರೆ ಶಯನಗೃಹವನ್ನೇ ತೆರೆದಿಟ್ಟ. ಬಚ್ಚಿಟ್ಟುಕೊಳ್ಳುವುದು, ಬಿಚ್ಚಿ ತೋರಿಸುವುದು ಎರಡೂ ಅಧಿಕಾರದ ವರಸೆಗಳೇ ಆಗಬಲ್ಲವೆಂದು ಈ ಹೋಲಿಕೆಯಿಂದ ತಿಳಿಯುತ್ತದೆ. ಎಲ್ಲ ಅರಮನೆಗಳೂ ವರ್ಸೇಲ್ಸಿನ ನಕಲು ಎಂಬ ಸಲೀಸು ಮಾತು ಇದರ ಮುಂದೆ ನಿಲ್ಲದು.

ಆ ತೆರೆದ ಶಯನಗೃಹವನ್ನು ಹತ್ತಿರದಿಂದ ನೋಡಬೇಕು. 1701ರಲ್ಲಿ ಲೂಯಿ ತನ್ನ ಮಂಚವನ್ನು ಅರಮನೆಯ ನಟ್ಟನಡುವೆ, ಪೂರ್ವಕ್ಕೆ ಮುಖ ಮಾಡಿದ ಕೋಣೆಗೆ ತಂದ. ಮಂಚದ ಮುಂದೆ ಗಿಲೀಟಿನ ಕಟಕಟೆ. ಅದನ್ನು ದಾಟುವ ಹಕ್ಕು ಕೆಲವರಿಗೆ ಮಾತ್ರ. ಬೆಳಗ್ಗೆ ದೊರೆ ಏಳುವಾಗ ಜನ ಒಟ್ಟಿಗೆ ನುಗ್ಗುತ್ತಿರಲಿಲ್ಲ, ತಂಡತಂಡವಾಗಿ, ಹಕ್ಕಿನ ಅನುಕ್ರಮದಲ್ಲಿ ಒಳಗೆ ಬಿಡುತ್ತಿದ್ದರು. ಅಂಗಿ ಕೊಡುವವರು ಒಬ್ಬರು, ತೋಳು ತೊಡಿಸುವವರು ಇನ್ನೊಬ್ಬರು. ರಾತ್ರಿ ಮಲಗುವ ಹೊತ್ತಿಗೆ ದೊರೆ ಒಂದು ಹೆಸರು ಹೇಳುತ್ತಿದ್ದ. ಆ ಮನುಷ್ಯ ಚಿಕ್ಕ ಮೇಣದೀಪದ ಕಂಬ ಹಿಡಿದು ನಿಲ್ಲಬೇಕು. ಕೋಣೆಯಲ್ಲಿ ಬೇರೆ ಬೆಳಕು ಧಾರಾಳವಾಗಿತ್ತು, ಆ ದೀಪದ ಅಗತ್ಯವೇ ಇರಲಿಲ್ಲ. ಡ್ಯೂಕ್ ಪದವಿಯ ಸ್ಯಾಂ-ಸಿಮೋಂ 1702ರಲ್ಲಿ ಸೇನೆಗೆ ರಾಜೀನಾಮೆ ಕೊಟ್ಟು ದೊರೆಯ ಕೋಪಕ್ಕೆ ತುತ್ತಾದರೂ ಬಳಿಕ ಒಂದು ರಾತ್ರಿ ದೀಪ ತನ್ನ ಕೈಗೇ ಬಂತೆಂದು ತನ್ನ ನೆನಪುಗಳಲ್ಲಿ ದಾಖಲಿಸಿದ್ದಾನೆ. ಕೆಲವೇ ನಿಮಿಷ ಹಿಡಿದ ಒಂದು ದೀಪ ಹೀಗೆ ಚರಿತ್ರೆಯ ಪುಟ ಸೇರಿತು. ಅಲಂಕಾರವೆಲ್ಲ ಕಳಚಿ ಬಿದ್ದರೂ ಈ ವ್ಯವಸ್ಥೆ ನಡೆಯುತ್ತಿತ್ತೆಂದು ನಾನು ನಂಬುತ್ತೇನೆ.

ಅದಕ್ಕೆ ಸಾಕ್ಷಿಯೂ ಇದೆ. 1680ರ ದಶಕದಲ್ಲಿ ಅರಮನೆಯ ಮುಖ್ಯ ಸಾಲುಕೋಣೆಗಳಲ್ಲಿ ಬೆಳ್ಳಿಯ ಪೀಠೋಪಕರಣಗಳಿದ್ದವು: ಮೇಜು, ದೀಪಸ್ತಂಭ, ಕಿತ್ತಳೆ ಗಿಡದ ಕುಂಡ, ಜೊತೆಗೆ ಎರಡೂವರೆ ಮೀಟರಿಗೂ ಎತ್ತರದ ಸಿಂಹಾಸನ. 1686ರಲ್ಲಿ ಸಯಾಂ ದೇಶದ ರಾಯಭಾರಿಗಳು ಬಂದಾಗ ಆ ಸಿಂಹಾಸನವನ್ನು ಕನ್ನಡಿ ಸಭಾಂಗಣದ ತುದಿಗೆ ಸಾಗಿಸಿ, 73 ಮೀಟರ್ ಉದ್ದದ ಆ ಪಡಸಾಲೆಯನ್ನು ಅವರಿಂದ ನಡೆಸಿದರು. ಮೂರೇ ವರ್ಷಕ್ಕೆ ಯುದ್ಧದ ಖರ್ಚು ಕುತ್ತಿಗೆಗೆ ಬಂತು. 1689ರಲ್ಲಿ ದೊರೆ ಇಪ್ಪತ್ತು ಟನ್ನಿನಷ್ಟು ಬೆಳ್ಳಿಯನ್ನು ಟಂಕಸಾಲೆಗೆ ಕಳಿಸಿದ. ಕುಶಲಕರ್ಮಿಗಳು ವರ್ಷಗಟ್ಟಲೆ ಕೆತ್ತಿದ ಕೆಲಸ ಕರಗಿ ನಾಣ್ಯವಾಯಿತು. ಕೆತ್ತನೆಯ ಬೆಲೆ ಅಲ್ಲಿಗೆ ಮುಗಿಯಿತು, ಉಳಿದದ್ದು ಲೋಹದ ತೂಕ. ಈ ನಷ್ಟ ನನ್ನನ್ನು ಇಂದಿಗೂ ಕಾಡುತ್ತದೆ. ಆದರೆ ಮರುದಿನವೂ ಕಟಕಟೆಯ ಹೊರಗೆ ನಿಲ್ಲಬೇಕಾದವರು ಹೊರಗೇ ನಿಂತರು.

ಕನ್ನಡಿ ಸಭಾಂಗಣದ ಮಾತು ಬಂದಾಗ ಎರಡು ವಿಷಯ ಬಿಡಲಾರೆ. ಅಲ್ಲಿರುವ 357 ಕನ್ನಡಿಗಳ ಹಿಂದೆ ಕೋಲ್ಬೇರ್ ಎಂಬ ಮಂತ್ರಿಯ ವಾಣಿಜ್ಯನೀತಿ ಇದೆ. ದೊಡ್ಡ ಕನ್ನಡಿಗಾಗಿ ಯುರೋಪೆಲ್ಲ ವೆನಿಸ್‌ನ ಮುರಾನೋ ದ್ವೀಪದ ಕಡೆ ನೋಡುತ್ತಿತ್ತು. ಅಲ್ಲಿಯ ಕೆಲಸಗಾರರನ್ನು ಸೆಳೆದು 1665ರಲ್ಲಿ ಅವನು ರಾಜಾಶ್ರಯದ ಕಾರ್ಖಾನೆ ತೆರೆಸಿದ. ಗಾಜಿನ ಬೆನ್ನಿಗೆ ತವರ, ಪಾದರಸ ಹಚ್ಚುತ್ತಿದ್ದ ಕೂಲಿಗಳು ಆ ಆವಿ ಕುಡಿದೇ ಬದುಕಿದರು. ಆ ಹೊಳಪಿನ ವರ್ಣನೆಗಳಲ್ಲಿ ಅವರಿಗೆ ಜಾಗ ಸಿಗುವುದಿಲ್ಲ. ಎರಡನೆಯದು ಛಾವಣಿ. ಚಿತ್ರಕಾರ ಲ ಬ್ರಾಂ ಮೊದಲು ಅಪೊಲೋನ ಕಥೆ ಬರೆಯಲು ಯೋಚಿಸಿದ, ಆಮೇಲೆ ಹರ್ಕ್ಯುಲಿಸ್‌ನದು. ಕೊನೆಗೆ ರಾಜಮಂಡಲಿ ಎರಡನ್ನೂ ಕೈಬಿಟ್ಟು ದೊರೆಯ ಚರಿತ್ರೆಯನ್ನೇ ಬರೆಯಿಸಿತು. ಅಲ್ಲಿಯವರೆಗೆ ಅರಸರು ಸಾಮಾನ್ಯವಾಗಿ ದೇವತೆಗಳ ವೇಷದಲ್ಲಿ ಬರುತ್ತಿದ್ದರು. ಇಲ್ಲಿ ಬದುಕಿರುವ ದೊರೆ ತನ್ನ ಹೆಸರಿನಲ್ಲೇ ಛಾವಣಿ ಏರಿದ. ಚಿತ್ರಗಳಾಗಿ ಅವು ನನಗೆ ಭಾರ. ರೂಪಕಗಳ ಗುಂಪಿನಲ್ಲಿ ಕಣ್ಣಿಗೆ ಉಸಿರಾಡಲು ಎಡೆಯಿಲ್ಲ.

ಇದಕ್ಕಿಂತ ಮಿಗಿಲಾದ ಕಲೆ ಮ್ಯಾಡ್ರಿಡ್ಡಿನಲ್ಲಿತ್ತು. ನಾಲ್ಕನೇ ಫಿಲಿಪ್‌ನಿಗಾಗಿ ಮಂತ್ರಿ ಒಲಿವಾರೆಸ್ ಕಟ್ಟಿಸಿದ ಬ್ವೆನ್ ರೆತೀರೊ ಅರಮನೆಯ ರಾಜ್ಯಗಳ ಸಭಾಂಗಣ 1635ರಲ್ಲಿ ಸಿದ್ಧವಾಯಿತು. ಕಿಟಕಿಗಳ ಮೇಲೆ ಸ್ಪೇನ್ ದೊರೆಯ 24 ರಾಜ್ಯಗಳ ಲಾಂಛನ, ಗೋಡೆಯಲ್ಲಿ ಹನ್ನೆರಡು ಯುದ್ಧಚಿತ್ರ, ಸುರ್ಬರಾನ್ ಬರೆದ ಹತ್ತು ಹರ್ಕ್ಯುಲಿಸ್ ಚಿತ್ರ. ವೆಲಾಸ್ಕೆಸ್‌ನ ‘ಬ್ರೆಡಾದ ಶರಣಾಗತಿ’ ಇಲ್ಲಿಗಾಗಿಯೇ ಹುಟ್ಟಿದ್ದು. ಸೋತ ಡಚ್ ಸೇನಾನಿ ಬೀಗದಕೈ ಒಪ್ಪಿಸುತ್ತ ಬಾಗುತ್ತಾನೆ. ಗೆದ್ದ ಸ್ಪೀನೊಲಾ ಅವನನ್ನು ಮೊಣಕಾಲೂರಲು ಬಿಡದೆ ಹೆಗಲ ಮೇಲೆ ಕೈ ಇಡುತ್ತಾನೆ. ಅದೇ ಸಭಾಂಗಣದಲ್ಲಿ ಮೈನೊ ಬರೆದ, ಬ್ರೆಜಿಲ್ಲಿನ ಬಹಿಯಾ ಮರುವಶದ ಚಿತ್ರ. ಅದರಲ್ಲಿ ದೊರೆ ಮತ್ತು ಮಂತ್ರಿ ಹಿನ್ನೆಲೆಯ ಒಂದು ಪರದೆಯ ಮೇಲಷ್ಟೇ ಇದ್ದಾರೆ. ಮುಂದೆ, ನಮ್ಮ ಕಣ್ಣೆದುರು, ಗಾಯಾಳುವಿನ ಆರೈಕೆ ನಡೆದಿದೆ. ರಾಜವೈಭವಕ್ಕೆಂದು ಮಾಡಿಸಿದ ಕೋಣೆಯೊಳಗೆ ಇಷ್ಟು ಮಾನವೀಯತೆ ನುಸುಳಿದ್ದು ಈ ಪರಂಪರೆಯ ಶಿಖರ ಎನ್ನುತ್ತೇನೆ. ಆದರೆ ಹೊರಗೆ ಆದದ್ದೇನು? 1637ರಲ್ಲಿ ಡಚ್ಚರು ಬ್ರೆಡಾವನ್ನು ಮರಳಿ ಗೆದ್ದರು. 1640ರಲ್ಲಿ ಕ್ಯಾಟಲೋನಿಯಾ ದಂಗೆ ಎದ್ದಿತು, ಅದೇ ವರ್ಷದ ಕೊನೆಗೆ ಪೋರ್ಚುಗಲ್ ಸಿಡಿದು ಹೋಯಿತು. ಪೋರ್ಚುಗಲ್ಲಿನ ಲಾಂಛನ ಸಭಾಂಗಣದಲ್ಲಿತ್ತು, ರಾಜ್ಯ ಕೈಯಲ್ಲಿರಲಿಲ್ಲ.

ಲಂಡನ್ನಿನ ಕಥೆ ಇನ್ನೂ ಕಟು. ವೈಟ್‌ಹಾಲ್ ಅರಮನೆಯ ಔತಣಶಾಲೆಯ ಛಾವಣಿಗೆ ರೂಬೆನ್ಸ್ ಬರೆದ ಒಂಬತ್ತು ಚಿತ್ರಗಳು 1636ರಲ್ಲಿ ಏರಿದವು. ಒಂದನೇ ಜೇಮ್ಸ್ ದೈವಾಂಶನಾಗಿ ಸ್ವರ್ಗಕ್ಕೇರುವ ದೃಶ್ಯ ನಡುವೆ. 1649ರ ಜನವರಿ 30ರಂದು ಅವನ ಮಗ ಒಂದನೇ ಚಾರ್ಲ್ಸ್ ಅದೇ ಸಭಾಂಗಣದ ಮೂಲಕ ಹಾದು, ಹೊರಗೆ ಕಟ್ಟಿದ್ದ ವಧಾವೇದಿಕೆಗೆ ನಡೆದ. ಜರ್ಮನಿಯ ವುರ್ಜ್‌ಬರ್ಗ್ ಮತ್ತೊಂದು ಬಗೆ. ಅಲ್ಲಿ ಆಳುತ್ತಿದ್ದವನು ಒಬ್ಬ ಬಿಷಪ್, ರಾಜ್ಯ ಸಣ್ಣದು. ಆದರೂ ನೊಯ್ಮನ್ ಕಟ್ಟಿದ ಮೆಟ್ಟಿಲುಸಾಲೆಯ ಮೇಲೆ 1752–53ರಲ್ಲಿ ಟಿಯೆಪೊಲೊ ನಾಲ್ಕು ಖಂಡಗಳನ್ನೇ ಹರಡಿದ. ಬಿಷಪ್ಪನ ಮುಖ ಆಕಾಶದಲ್ಲಿ ತೇಲುತ್ತದೆ. ಆ ಹೊಗಳಿಕೆಗೆ ತಕ್ಕ ರಾಜ್ಯ ಅವನಿಗಿರಲಿಲ್ಲ. ಆದರೆ ಮೆಟ್ಟಿಲೇರಿದಂತೆ ಒಂದೊಂದೇ ಖಂಡ ತೆರೆದುಕೊಳ್ಳುವ ಆ ಬೆಳಕಿನ ಮುಂದೆ ಬಿಷಪ್ಪನನ್ನು ಮರೆತು ಚಿತ್ರಕಾರನಿಗೆ ಕೈಮುಗಿಯಬೇಕೆನಿಸುತ್ತದೆ.

ಈ ಕೋಣೆಗಳು ನಿಜಕ್ಕೂ ಯಾರನ್ನು ಹಿಡಿದಿಟ್ಟವು? ಸಮಾಜಶಾಸ್ತ್ರಜ್ಞ ನಾರ್ಬರ್ಟ್ ಎಲಿಯಾಸ್ 1969ರಲ್ಲಿ ಪ್ರಕಟಿಸಿದ ಆಸ್ಥಾನ ಸಮಾಜದ ಅಧ್ಯಯನದಲ್ಲಿ, ಶಿಷ್ಟಾಚಾರದ ಬಲೆ ಹೆಣೆದು ದೊರೆ ಶ್ರೀಮಂತವರ್ಗವನ್ನು ಪಳಗಿಸಿದ ಎಂದು ವಾದಿಸಿದರು. ಯೆರೂನ್ ಡೌಂಡಾಮ್ 1994ರ ತಮ್ಮ ಪುಸ್ತಕದಲ್ಲಿ ಇದನ್ನು ಪ್ರಶ್ನಿಸಿದರು: ಆಸ್ಥಾನಿಕರೂ ಅಲ್ಲಿಂದ ಪಿಂಚಣಿ, ಹುದ್ದೆ, ಪ್ರಭಾವ ಗಳಿಸುತ್ತಿದ್ದರು, ದೊರೆಯೂ ಆ ಕಟ್ಟಳೆಗೆ ಕಟ್ಟುಬಿದ್ದಿದ್ದ. ನನ್ನ ಒಲವು ಡೌಂಡಾಮ್ ಕಡೆಗೆ. ಹದಿನೈದನೇ ಲೂಯಿಯನ್ನೇ ನೋಡಿ. ಅವನು 1738ರಿಂದ ಬೆಚ್ಚನೆಯ ಖಾಸಗಿ ಕೋಣೆಯಲ್ಲಿ ಮಲಗಿ, ಬೆಳಗ್ಗೆ ಮುತ್ತಜ್ಜನ ವಿಧ್ಯುಕ್ತ ಶಯನಗೃಹಕ್ಕೆ ಬಂದು ‘ಏಳುವ’ ಶಾಸ್ತ್ರ ಮುಗಿಸುತ್ತಿದ್ದ. ಚಿಕ್ಕ ಕೋಣೆಗಳಿಗೆ ಜಾಗ ಬೇಕೆಂದು 1752ರಲ್ಲಿ ರಾಯಭಾರಿಗಳ ಅಮೃತಶಿಲೆಯ ಮೆಟ್ಟಿಲುಸಾಲೆಯನ್ನೇ ಕೆಡವಿಸಿದ. ನೆಮ್ಮದಿ ಬಯಸುವುದು ಮನುಷ್ಯಸಹಜ; ಆದರೆ ದೊರೆಯೇ ಇಲ್ಲದ ಕೋಣೆಯ ಮುಂದೆ ಕಾಯುವವರಿಗೆ ಕಾಯುವ ಕಾರಣ ಉಳಿಯಲಿಲ್ಲ.

ಆ ಟೊಳ್ಳುತನದ ನಡುವೆಯೇ ನಮ್ಮ ನೆಲದವರೂ ಅಲ್ಲಿಗೆ ಹೋದರು. 1788ರ ಆಗಸ್ಟ್ 10ರಂದು ಹದಿನಾರನೇ ಲೂಯಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳನ್ನು ಹರ್ಕ್ಯುಲಿಸ್ ಸಭಾಂಗಣದಲ್ಲಿ ಬರಮಾಡಿಕೊಂಡ. ಗೋಡೆಯ ಭಾಷೆ ಅವರಿಗೆ ಹೊಸದಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ಪೊಳ್ಳಿಲೂರಿನ ಗೆಲುವು ಗೋಡೆ ತುಂಬ ಇತ್ತು, ಪಲ್ಲಕ್ಕಿಯಲ್ಲಿ ಕೂತ ಸೋತ ಇಂಗ್ಲಿಷ್ ಸೇನಾನಿಯ ಸಮೇತ. ಅವರು ಕೇಳಿದ್ದು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು. ಸಿಕ್ಕಿದ್ದು ಆದರ, ಸೇವ್ರ್ ಪಿಂಗಾಣಿಯ ಉಡುಗೊರೆ. ಬೊಕ್ಕಸ ಬರಿದಾದ ಅರಮನೆ ಅದಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಮುಂದಿನ ವರ್ಷ ಅಕ್ಟೋಬರ್ 6ರ ನಸುಕಿನಲ್ಲಿ ಪ್ಯಾರಿಸ್ಸಿನ ಜನ ರಾಣಿಯ ಮೆಟ್ಟಿಲು ಹತ್ತಿ ಕಾವಲುಗಾರರನ್ನು ಕೊಂದು ಒಳನುಗ್ಗಿದರು. ರಾಣಿ ಮಂಚದ ಪಕ್ಕದ ಗುಟ್ಟಿನ ಬಾಗಿಲಿನಿಂದ ದೊರೆಯ ಕಡೆಗೆ ಓಡಿ ಜೀವ ಉಳಿಸಿಕೊಂಡಳು.

1793–94ರ ಹರಾಜಿನಲ್ಲಿ ಚೆಲ್ಲಾಪಿಲ್ಲಿಯಾದ ಪೀಠೋಪಕರಣಗಳನ್ನು ವರ್ಸೇಲ್ಸಿನ ವಸ್ತುಸಂಗ್ರಹಾಲಯ ಇಂದು ಹುಡುಕಿ ಹುಡುಕಿ ಮರಳಿ ತರುತ್ತಿದೆ. ಆ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಈಗ ಕೋಣೆಯಿಂದ ಕೋಣೆಗೆ ಬಾಗಿಲುಗಳೆಲ್ಲ ತೆರೆದಿರುತ್ತವೆ, ಟಿಕೆಟ್ ಕೊಂಡವರೆಲ್ಲ ಒಂದೇ ಹರಿವಿನಲ್ಲಿ ಹಾದುಹೋಗುತ್ತಾರೆ. ಕುರ್ಚಿ ಯಾರು ಮಾಡಿದರು, ಯಾವ ವರ್ಷ ಎಂಬ ವಿವರದ ಜೊತೆಗೆ ಈ ಬಾಗಿಲು ಯಾರಿಗೆ ಒಂದು ಕದ, ಯಾರಿಗೆ ಎರಡು, ಇಲ್ಲಿಂದ ಮುಂದೆ ಯಾರಿಗೆ ಪ್ರವೇಶವಿರಲಿಲ್ಲ ಎಂಬುದನ್ನೂ ಪ್ರತಿ ಹೊಸ್ತಿಲಲ್ಲಿ ಬರೆದಿಡಬೇಕು. ಡಚೆಸ್‌ಗಳು ದೊರೆಯೆದುರು ಕೂರುವ ಹಕ್ಕಿಗಾಗಿ ಕಾದಾಡಿದ ಆ ಒರಗಿಲ್ಲದ ಚಿಕ್ಕ ಪೀಠಗಳಿಗೂ ಅಂಥ ಒಂದು ಫಲಕ ಬೇಕು.