ಹಿರಿಯಣ್ಣನವರ ನೀರು, ತಳಕಿನ ಬೋರು

ಎಂ. ಹಿರಿಯಣ್ಣನವರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ (1932) ಓದುವವರು ಸಾಮಾನ್ಯವಾಗಿ ಉಪನಿಷತ್ತು, ವೇದಾಂತದ ಅಧ್ಯಾಯಗಳ ಬಳಿ ತಂಗುತ್ತಾರೆ. ನನ್ನನ್ನು ಮತ್ತೆ ಮತ್ತೆ ಎಳೆಯುವುದು ನ್ಯಾಯ, ಮೀಮಾಂಸೆಗಳ ಪ್ರಾಮಾಣ್ಯದ ಚರ್ಚೆ. ಒಂದು ತಿಳಿವನ್ನು ನಿಜವೆಂದು ನಂಬಲು ನಮಗೆ ಆಧಾರವೇನು?

ನೈಯಾಯಿಕರ ಉತ್ತರ ಸರಳ. ಕಂಡದ್ದು ನೀರೋ ಬಿಸಿಲ್ಗುದುರೆಯೋ ಎಂಬ ಸಂಶಯವಿದ್ದರೆ ಹೋಗಿ ಕುಡಿದು ನೋಡು. ದಾಹ ತೀರಿದರೆ ತಿಳಿದದ್ದು ಸರಿ. ವಸ್ತು ಇದ್ದಂತೆ ತಿಳಿಯುವುದು ಸತ್ಯ, ಫಲ ಕೊಡುವ ಪ್ರವೃತ್ತಿ ಅದರ ಪರೀಕ್ಷೆ. ಈ ಎರಡನ್ನೂ ಹಿರಿಯಣ್ಣನವರು ಬೆರೆಸದೆ ಬಿಡಿಸಿಡುತ್ತಾರೆ. ‘ಉಪಯೋಗಕ್ಕೆ ಬಂದದ್ದೇ ಸತ್ಯ’ ಎನ್ನುವವರ ಗುಂಪಿಗೆ ನ್ಯಾಯವನ್ನು ಸೇರಿಸುವ ಅವಸರ ಅವರಿಗಿಲ್ಲ.

ಈ ನೀರಿನ ಉದಾಹರಣೆಯನ್ನು ಚಳ್ಳಕೆರೆ ತಾಲ್ಲೂಕಿನ ತಳಕಿಗೆ ತಂದು ನೋಡೋಣ. ಸಾಹಿತ್ಯದವರಿಗೆ ಇದು ಟಿ.ಎಸ್. ವೆಂಕಣ್ಣಯ್ಯ, ತ.ರಾ.ಸು. ಅವರ ಮನೆತನದ ಊರು. ಬೇಸಾಯದವರಿಗೆ ಮಳೆ ಕೈಕೊಡುವ ಸೀಮೆ. ಬೋರು ಕೊರೆಸುವ ಮೊದಲು ಪಾಯಿಂಟ್ ಮಾಡಿಸುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಒಬ್ಬರು ಹೊಲದಲ್ಲಿ ನಡೆಯುತ್ತಾರೆ. ಕಾಯಿ ಎದ್ದು ನಿಂತ ಕಡೆ ಗುರುತು. ಇಲ್ಲಿ ‘ಕುಡಿದು ನೋಡು’ ಎನ್ನುವಂತಿಲ್ಲ. ಪರೀಕ್ಷೆ ಮುಗಿಯುವ ಹೊತ್ತಿಗೆ ಲಾರಿಯವರಿಗೆ ಅಡಿಯ ಲೆಕ್ಕದಲ್ಲಿ ದುಡ್ಡು ಎಣಿಸಿಯಾಗಿರುತ್ತದೆ, ಬಹಳ ಸಲ ಸಾಲ ತಂದು.

ಹಾಗೆಂದು ರೈತನನ್ನು ಮೂಢನಂಬಿಕೆಯವನೆಂದು ಬೈದುಬಿಡುವುದು ಪೇಟೆಯ ಸೋಮಾರಿತನ. ಅವನು ಕಾಯಿಯನ್ನು ನಂಬಿಯೇ ಇರಬೇಕೆಂದಿಲ್ಲ. ಎಲ್ಲೋ ಒಂದು ಕಡೆ ಕೊರೆಸಲೇಬೇಕು. ಸಂಶಯವಿಟ್ಟುಕೊಂಡೂ ಕೆಲಸಕ್ಕಿಳಿಯಬಹುದೆಂದು ನೈಯಾಯಿಕರೇ ಒಪ್ಪುತ್ತಾರೆ. ಮಳೆ ನೆಚ್ಚಿ ಶೇಂಗಾ ಬಿತ್ತುವವನೂ ಮಾಡುವುದು ಅದನ್ನೇ.

ಹೆಚ್ಚು ಕೆಲಸಕ್ಕೆ ಬರುವುದು ಮೀಮಾಂಸಕರ ಮಾತು. ಜ್ಞಾನ ಸ್ವತಃ ಪ್ರಮಾಣ. ಅದನ್ನು ಕೈಬಿಡಲು ಎರಡು ಕಾರಣ ಸಾಕು: ಹುಟ್ಟಿದ ಮೂಲದಲ್ಲಿ ದೋಷ, ಅಥವಾ ಮುಂದೆ ಬಂದ ಜ್ಞಾನದಿಂದ ಬಾಧೆ. ಪಾಯಿಂಟ್ ತೋರಿಸುವವನಿಗೆ ಲಾರಿಯವರಿಂದ ಕಮಿಷನ್ ಇದ್ದರೆ ಅದು ಮೂಲದ ದೋಷ. ಪಕ್ಕದ ಹೊಲದಲ್ಲಿ ಅದೇ ಕಾಯಿ ತೋರಿಸಿದ ಬೋರಿನಲ್ಲಿ ಬರೀ ಧೂಳು ಎದ್ದಿದ್ದರೆ ಅದು ಬಾಧಕ. ಎರಡನ್ನೂ ಕೊರೆಸುವ ಮೊದಲೇ ವಿಚಾರಿಸಬಹುದು.

ಆದರೆ ಹಿರಿಯಣ್ಣನವರ ನಿರೂಪಣೆಯಲ್ಲಿ ಈ ವಿಚಾರಿಸುವವರು ಯಾರೂ ಕಾಣುವುದಿಲ್ಲ. ಅಲ್ಲಿ ತಿಳಿಯುವವನು ಒಂಟಿ. ಅವನ ಮುಂದೆ ನೀರು, ಅಷ್ಟೆ. ಡಬ್ಲ್ಯೂ.ಕೆ. ಕ್ಲಿಫರ್ಡ್ 1877ರ ‘ದಿ ಎಥಿಕ್ಸ್ ಆಫ್ ಬಿಲೀಫ್’ನಲ್ಲಿ ಹಳೆಯ ಹಡಗಿನ ಮಾಲೀಕನ ಕತೆ ಹೇಳುತ್ತಾನೆ. ತನ್ನ ಸಂಶಯವನ್ನು ತಾನೇ ಅದುಮಿಕೊಂಡು ಹಡಗನ್ನು ಕಳಿಸುತ್ತಾನೆ. ಮುಳುಗುವವರು ಪ್ರಯಾಣಿಕರು, ವಿಮೆಯ ಹಣ ಅವನಿಗೆ. ಸಾಕ್ಷ್ಯವಿಲ್ಲದೆ ನಂಬುವುದು ಯಾವಾಗಲೂ ತಪ್ಪು ಎಂಬ ಕ್ಲಿಫರ್ಡನ ತೀರ್ಮಾನ ನನಗೆ ಅತಿಯೆನಿಸುತ್ತದೆ, ಹಾಗೆ ನೋಡಿದರೆ ಯಾರೂ ಬಿತ್ತನೆಗೇ ಇಳಿಯುವಂತಿಲ್ಲ. ಆದರೆ ನಂಬಿದವನೊಬ್ಬ, ನಷ್ಟ ಹೊರುವವನು ಇನ್ನೊಬ್ಬ ಎಂಬುದನ್ನು ಅವನು ಕಂಡಿದ್ದ. ಹಿರಿಯಣ್ಣನವರ ಅಚ್ಚುಕಟ್ಟಾದ ಪುಟಗಳಲ್ಲಿ ನನಗೆ ಸಿಗದೆ ಹೋದದ್ದು ಇದು.

ನೀರು ಬಿದ್ದ ಬೋರಿನ ಸುದ್ದಿ ಸುತ್ತಲ ಹತ್ತು ಹಳ್ಳಿಗೆ ಹೋಗುತ್ತದೆ. ಫೇಲಾದದ್ದರ ಕೇಸಿಂಗ್ ಕಿತ್ತು, ಬಾಯಿಗೆ ಕಲ್ಲು ಮಣ್ಣು ತುಂಬಿ, ಮನೆಯವರು ಮಾತು ಬೇರೆ ಕಡೆ ತಿರುಗಿಸುತ್ತಾರೆ. ಮೀಮಾಂಸಕರು ಕೇಳುವ ಬಾಧಕ ಜ್ಞಾನ ಅಲ್ಲೇ ಇರುತ್ತದೆ, ಮಣ್ಣಿನ ಕೆಳಗೆ.